ಕುಬೇರನೇ ಖಜಾಂಚಿಯಾಗಿದ್ದ ಕಂಪನಿ

ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬಾರೂಸ್ ಎಂಬ ಹಳೆಯ ಬಂದರಿದೆ. ಒಂದು ಕಾಲಕ್ಕೆ ಲೋಕವೆಲ್ಲ ಕರ್ಪೂರಕ್ಕಾಗಿ ಹಡಗು ಕಳಿಸುತ್ತಿದ್ದ ಊರು ಅದು. ಅದರ ಪಕ್ಕದ ಲೋಬು ತುವಾದಲ್ಲಿ 1873ರಲ್ಲಿ ತಮಿಳು ಬರಹದ ಒಂದು ಕಲ್ಲು ಸಿಕ್ಕಿತು. ಕಲ್ಲಿನ ಮೇಲಿನ ವರ್ಷ ಶಕ 1010, ಅಂದರೆ ಕ್ರಿ.ಶ. 1088. ಅದರಲ್ಲಿ ಏನಿದೆ ಅಂತೀರಿ? ಒಂದು ಕಂಪನಿಯ ಸಭೆಯ ನಡಾವಳಿ! ಬಂದರಿಗೆ ಬಂದ ಹಡಗಿನ ನಾಯಕರು ಕಸ್ತೂರಿಯ ಬೆಲೆಗೆ ತಕ್ಕಂತೆ ಇಂತಿಷ್ಟು ಬಂಗಾರ ಸಲ್ಲಿಸಬೇಕು, ಸಲ್ಲಿಸಿದ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕು. ಹೀಗೆಂದು ಕೂತು ತೀರ್ಮಾನಿಸಿದವರು ದಿಕ್ಕು ದಿಕ್ಕಿನಲ್ಲಿ ಹೆಸರಾದ ಐನೂರ್ವರು ಎಂಬ ವರ್ತಕ ಸಂಘದವರು. ಆ ಐನೂರ್ವರ ಮೂಲ ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಮಲಪ್ರಭೆಯ ದಂಡೆಯ ಐಹೊಳೆಯಲ್ಲಿ!

ಈ ಸಂಗತಿಯನ್ನು ಗುಂಡಗುರ್ತಿಯ ರಸ್ತೆ ಬದಿಯಲ್ಲಿ ನಿಂತು ನೆನೆದರೆ ಮೈ ಜುಂ ಎನ್ನುತ್ತದೆ. ಕಲಬುರಗಿಯಿಂದ ಸೇಡಂ ಕಡೆಗೆ ಹೋಗುವ ದಾರಿ ಇದು. ಎರಡೂ ಬದಿಗೆ ತೊಗರಿ ಹೊಲ. ಸುಗ್ಗಿಯಲ್ಲಿ ತೊಗರಿ ಚೀಲ ಹೊತ್ತ ಗಾಡಿಗಳು ಕಲಬುರಗಿ ಗಂಜ್‌ನ ಅಡತ್ ಅಂಗಡಿಗಳತ್ತ ಹೊರಡುತ್ತವೆ, ಎದುರಿನಿಂದ ಸಿಮೆಂಟ್ ಲಾರಿಗಳು ಬರುತ್ತವೆ. ಇನ್ನೂ ಮುಂದೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ, ಅಮೋಘವರ್ಷನ ಮಾನ್ಯಖೇಟ. ಇಲ್ಲಿಂದ ಆಳಿದ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿರುವ 851ರ ವೃತ್ತಾಂತ ಎಣಿಸುತ್ತದೆ. ಬಾರೂಸ್‌ನಲ್ಲಿ ಆ ಕಲ್ಲು ನೆಟ್ಟ ಹೊತ್ತಿಗೆ ಈ ಸೀಮೆ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿತ್ತು. ಅಂದರೆ ನಾವು ಮೂಲೆ ಎಂದುಕೊಂಡ ಈ ನೆಲ ಆಗ ಭರತಖಂಡದ ವ್ಯಾಪಾರದ ನಡುಮನೆ.

ಈಗ ಐನೂರ್ವರ ಒಳಗುಟ್ಟು ನೋಡೋಣ. ಶಿಕಾರಿಪುರ ತಾಲ್ಲೂಕಿನ 11ನೇ ಶತಮಾನದ ಒಂದು ಕನ್ನಡ ಶಾಸನ ಅವರನ್ನು ಬಣ್ಣಿಸುವ ರೀತಿ ಓದಿದರೆ ಉಸಿರು ಬಿಗಿಹಿಡಿಯಬೇಕು. ಭೂಮಿಯೇ ಅವರ ಚೀಲ, ಕುಬೇರನೇ ಖಜಾಂಚಿ, ವರುಣನೇ ಧ್ವಜ ಹಿಡಿಯುವವ! ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಗೌಡ, ಕಾಂಭೋಜ, ಪಾರಸ, ನೇಪಾಳ ಎಂದು ದೇಶಗಳ ಪಟ್ಟಿ ಬೆಳೆಯುತ್ತ ಹೋಗಿ ಕೊನೆಗೆ ಪುರಾಣದ ಸ್ತ್ರೀರಾಜ್ಯವೂ ಅದರಲ್ಲಿ ಸೇರಿಕೊಳ್ಳುತ್ತದೆ. ಕವಿಯ ಉತ್ಸಾಹವನ್ನು ಕಳೆದು ನೋಡಿದರೂ ಉಳಿಯುವುದು ಬೆರಗೇ. ಅವರು ಮಾರುತ್ತಿದ್ದುದು ಆನೆ, ಜಾತಿ ಕುದುರೆ, ಇಂದ್ರನೀಲ, ಮುತ್ತು, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿ. ಮಾರಾಟ ಹೇಗೆ? ಸಗಟಾಗಿಯೂ ಉಂಟು, ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತಿ ಚಿಲ್ಲರೆಯಾಗಿಯೂ ಉಂಟು. ಒಂದೇ ಸಂಸ್ಥೆಯ ಹೆಸರಿನಲ್ಲಿ ಆನೆ ಮಾರುವವನೂ ಇದ್ದಾನೆ, ಹೆಗಲ ಗಂಟಿನಲ್ಲಿ ಸರಕು ಹೊತ್ತವನೂ ಇದ್ದಾನೆ!

ತಮಿಳುನಾಡಿನ ಪಿರಾನ್ಮಲೆಯ ಶಾಸನ ಇನ್ನೂ ಹತ್ತಿರಕ್ಕೆ ಕರೆದೊಯ್ಯುತ್ತದೆ. ವರ್ತಕರು ಸೇರಿ ದೇವಸ್ಥಾನಕ್ಕಾಗಿ ತಮ್ಮ ಸರಕಿನ ಮೇಲೆ ತಾವೇ ಹಾಕಿಕೊಂಡ ವಂತಿಗೆಯ ಪಟ್ಟಿ ಅದು. ಉಪ್ಪು, ಭತ್ತ, ಅಕ್ಕಿ, ಅವರೆ, ಅಡಕೆ, ಮೆಣಸು, ಒಣಶುಂಠಿ, ಅರಿಶಿನ, ಈರುಳ್ಳಿ, ಸಾಸಿವೆ, ಜೀರಿಗೆ, ಕಬ್ಬಿಣ, ಹತ್ತಿ, ನೂಲು, ಜೇನು, ರೇಷ್ಮೆ, ಕುದುರೆ, ಆನೆ. ಸರಕು ಸರಕಿಗೂ ದರ ಬೇರೆ. ಇಂದು ಸೂಪರ್ ಮಾರ್ಕೆಟ್ಟಿನ ಕಂಪ್ಯೂಟರಿನಲ್ಲಿ ಇರುವ ಸರಕುಪಟ್ಟಿ ಅಂದು ಕಲ್ಲಿನಲ್ಲಿತ್ತು.

ಇಷ್ಟು ದೊಡ್ಡ ವ್ಯವಹಾರವನ್ನು ನಡೆಸಿದವರು ಯಾರು? ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಒಬ್ಬ ಮಾಲೀಕನಿಲ್ಲ. ಎಲ್ಲರಿಗೂ ಆಜ್ಞೆ ಕೊಡುವ ಒಂದು ಪ್ರಧಾನ ಕಚೇರಿ ಇಲ್ಲ. ಯಾವ ರಾಜನೂ ಇದರ ಯಜಮಾನನಲ್ಲ. ಅವರ ಪ್ರಶಸ್ತಿಗಳಲ್ಲಿ ಒಂದು ಲೆಕ್ಕ ಮತ್ತೆ ಮತ್ತೆ ಬರುತ್ತದೆ: 18 ಪಟ್ಟಣ, 32 ವೇಳಾಪುರ (ಬಂದರು ಪಟ್ಟಣ), 64 ಘಟಿಕಾಸ್ಥಾನ (ವಿದ್ಯಾಕೇಂದ್ರ). ಇದು ಬರೀ ಹೊಗಳಿಕೆಯ ಸಂಖ್ಯೆ ಎಂದುಕೊಂಡವರು ಬಾರೂಸ್‌ನ ಕಲ್ಲನ್ನು ಮತ್ತೊಮ್ಮೆ ನೋಡಬೇಕು. ಐನೂರ್ವರು ಸಭೆ ಸೇರಿದ ಜಾಗವನ್ನು ಅದು ‘ವೇಳಾಪುರ’ ಎಂದೇ ಕರೆಯುತ್ತದೆ! ಕನ್ನಡ ನಾಡಿನ ಶಾಸನದಲ್ಲಿರುವ ಶಾಖೆಯ ಹೆಸರು ಸಮುದ್ರದಾಚೆಯ ದ್ವೀಪದಲ್ಲಿ, ತಮಿಳಿನಲ್ಲಿ, ಜೀವಂತವಾಗಿತ್ತು.

ಫ್ರಾನ್ಸಿನ ಗಣಿ ಕಂಪನಿಯೊಂದನ್ನು ಮೇಲೆತ್ತಿದ ಆನ್ರಿ ಫಯೋಲ್ 1916ರಲ್ಲಿ ಮ್ಯಾನೇಜ್‌ಮೆಂಟಿನ 14 ಸೂತ್ರಗಳನ್ನು ಬರೆದ. ನೌಕರನಿಗೆ ಆಜ್ಞೆ ಒಬ್ಬನಿಂದಲೇ ಬರಬೇಕು ಎಂಬುದು ಅವುಗಳಲ್ಲಿ ಒಂದು. ಎಂಬಿಎ ಓದುವ ಹುಡುಗರು ಈಗಲೂ ಅದನ್ನು ಬಾಯಿಪಾಠ ಮಾಡುತ್ತಾರೆ. ಐನೂರ್ವರು ಆ ಸೂತ್ರಕ್ಕೆ ಜಗ್ಗುವವರಲ್ಲ. ಅವರನ್ನು ಕಟ್ಟಿಹಾಕಿದ್ದು ವೀರಬಣಂಜು ಧರ್ಮ, ಅಂದರೆ ವರ್ತಕರೆಲ್ಲ ಒಪ್ಪಿ ನಡೆದ ಕಟ್ಟಳೆ. ಸತ್ಯ, ಶೌಚ, ಆಚಾರ, ನಯ, ವಿನಯ: ಶಾಸನಗಳು ಐನೂರ್ವರನ್ನು ಪರಿಚಯಿಸುವುದೇ ಈ ಗುಣಗಳಿಂದ. ಸರಕಿನ ಪಟ್ಟಿ ಆಮೇಲೆ. ಇಂದಿನ ಭಾಷೆಯಲ್ಲಿ ಇದು ಕಂಪನಿಯ ಮೌಲ್ಯಗಳ ಹೇಳಿಕೆ, ಗುಡ್ಡದ ಗುರುತಿನ ಅವರ ಬಾವುಟವೇ ಬ್ರ್ಯಾಂಡ್.

ಈ ಬಗೆಯ ಸಂಸ್ಥೆ ಹೇಗೆ ನಿಲ್ಲುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಆವ್ನರ್ ಗ್ರೈಫ್ 1989ರಿಂದೀಚೆಗೆ ಬಿಡಿಸಿ ತೋರಿಸಿದ. ಅವನು ನೋಡಿದ್ದು ಅದೇ 11ನೇ ಶತಮಾನದ ಮಘ್ರಿಬಿ ಯಹೂದಿ ವರ್ತಕರನ್ನು, ಕೈರೋದಲ್ಲಿ ಉಳಿದ ಅವರ ಕಾಗದಪತ್ರಗಳ ಮೂಲಕ. ದೂರದ ಊರಿನ ಏಜೆಂಟ್ ಒಬ್ಬ ವರ್ತಕನಿಗೆ ಮೋಸ ಮಾಡಿದರೆ ಸುದ್ದಿ ಎಲ್ಲರಿಗೂ ಮುಟ್ಟುತ್ತಿತ್ತು, ಆಮೇಲೆ ಅವನಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ನಂಬಿಕೆಯೇ ಬಂಡವಾಳ. ಮೆಡಿಟರೇನಿಯನ್ನಿನ ಆ ವರ್ತಕರ ಮೇಲೆ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ನಡೆಯುತ್ತದೆ. ಅದೇ ಕಾಲದಲ್ಲಿ ಅವರಿಗಿಂತ ಉದ್ದಕ್ಕೆ ಬಲೆ ಬೀಸಿದ್ದ ನಮ್ಮವರನ್ನು ನಾವೇ ಮ್ಯಾನೇಜ್‌ಮೆಂಟ್ ತರಗತಿಗೆ ಕರೆದಿಲ್ಲ.

ಇಂದಿನ ಹೋಲಿಕೆ ಬೇಕೆಂದರೆ ಬೆಂಗಳೂರಿನ ನಾಗಸಂದ್ರಕ್ಕೆ ಹೋಗಿ. 2022ರ ಜೂನ್‌ನಲ್ಲಿ ಅಲ್ಲಿ ಐಕಿಯಾ ಮಳಿಗೆ ತೆರೆಯಿತು. ಐಕಿಯಾದ ಹೆಸರು, ವಿನ್ಯಾಸ, ನಿಯಮ ಎಲ್ಲ ಒಂದು ಸಂಸ್ಥೆಯ ಕೈಯಲ್ಲಿವೆ. ದೇಶ ದೇಶಗಳಲ್ಲಿ ಅಂಗಡಿ ನಡೆಸುವವರು ಆ ಹೆಸರನ್ನು ಪರವಾನಗಿಯ ಮೇಲೆ ಪಡೆದ ಬೇರೆ ಕಂಪನಿಗಳು. ಒಂದು ಹೆಸರು, ಒಂದು ಕಟ್ಟಳೆ, ಯಜಮಾನರು ಹಲವರು! ಐನೂರ್ವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರಲ್ಲಿ ಪರವಾನಗಿ ಕೊಡುವ ಸಂಸ್ಥೆಯೂ ಇರಲಿಲ್ಲ, ಕಟ್ಟಳೆಯೇ ಪರವಾನಗಿ. ಕನ್ನಡ ನಾಡಿನಲ್ಲಿ ಕನ್ನಡದಲ್ಲಿ, ತಮಿಳು ನಾಡಿನಲ್ಲಿ ತಮಿಳಿನಲ್ಲಿ ಶಾಸನ ಬರೆಸಿದರು. ಸ್ಥಳೀಯ ಗ್ರಾಹಕನ ಭಾಷೆಯಲ್ಲಿ ಮಾತಾಡಬೇಕೆಂದು ಯಾವ ಸಲಹೆಗಾರನೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ನಾಯಕತ್ವದ ಮಾತಿಗೆ ಬಂದರೆ ಪಟ್ಟಣಸ್ವಾಮಿಯನ್ನು ನೋಡಬೇಕು. ಊರಿನ ವರ್ತಕ ಸಮುದಾಯದ ಮುಂದಾಳು ಅವನು. ಹೊಂಬುಜದಲ್ಲಿ ವೀರಸಾಂತರನ ಕಾಲದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ 1062ರಲ್ಲಿ ಬಸದಿ ಕಟ್ಟಿಸಿದ, ಕೆರೆಗಳನ್ನೂ ಕಟ್ಟಿಸಿದ. ಡಂಬಳದ 1095ರ ಶಾಸನವಂತೂ ಮತ್ತೊಂದು ಬೆರಗು: ಅಲ್ಲಿನ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ಸುದ್ದಿ ಅದರಲ್ಲಿದೆ. ಬರ್ಮಾದ ಪಗಾನ್‌ನಲ್ಲಿ ಐನೂರ್ವರ ಬಳಗದ ನಾನಾದೇಶಿ ವರ್ತಕರ ಹೆಸರಿನ ವಿಷ್ಣು ದೇವಾಲಯಕ್ಕೆ 13ನೇ ಶತಮಾನದಲ್ಲಿ ಮಂಟಪ ಕಟ್ಟಿಸಿ ದೀಪ ಕೊಟ್ಟವನು ಕೇರಳದವನು. ಜೈನ, ಶೈವ, ವೈಷ್ಣವ, ಬೌದ್ಧ ಎಲ್ಲರಿಗೂ ಆ ಬಾವುಟದ ಕೆಳಗೆ ಜಾಗವಿತ್ತು. ವೈವಿಧ್ಯದ ಬಗ್ಗೆ ಇಂದಿನ ಕಂಪನಿಗಳು ನಡೆಸುವ ತರಬೇತಿ ಶಿಬಿರಗಳು ತಲುಪಬಯಸುವ ಜಾಗ ಅದೇ.

ಸಂಸ್ಥೆ ಕಟ್ಟುವ ಈ ಶಿಸ್ತು ಆ ಕಾಲದ ಗಾಳಿಯಲ್ಲೇ ಇತ್ತೆಂದು ನನ್ನ ನಂಬಿಕೆ. ಸಾಕ್ಷಿ ಬೇಕಾದರೆ ಗುಂಡಗುರ್ತಿಯವರು ದೂರ ಹೋಗಬೇಕಿಲ್ಲ, ತಮ್ಮ ತಾಲ್ಲೂಕು ಕೇಂದ್ರ ಚಿತ್ತಾಪುರದ ಪಕ್ಕದ ನಾಗಾವಿಗೆ ಹೋದರೆ ಸಾಕು. ಅಲ್ಲಿನ ಘಟಿಕಾಸ್ಥಾನದ 1058ರ ಶಾಸನದಲ್ಲಿ ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ, ಅವರಿಗೆ ಪಾಠ ಹೇಳುವವರು, ಗ್ರಂಥ ಭಂಡಾರ ನೋಡಿಕೊಳ್ಳಲು 6 ಮಂದಿ ಸರಸ್ವತಿ ಭಂಡಾರಿಗರು ಎಂದು ಹುದ್ದೆ ಹುದ್ದೆಯ ಲೆಕ್ಕವಿದೆ. ಸಾವಿರ ವರ್ಷದ ಹಿಂದೆ, ಪರ್ಸಿ ಕಲ್ಲಿನ ಈ ನೆಲದಲ್ಲಿ!

ಐನೂರ್ವರ ಸಂಘ ಎಷ್ಟು ಕಾಲ ಬಾಳಿತು? ರಾಷ್ಟ್ರಕೂಟರು ಹೋದರು, ಚಾಲುಕ್ಯರು ಹೋದರು, ಚೋಳರು ಹೋದರು. ಐನೂರು ವರ್ಷಕ್ಕೂ ಮೇಲ್ಪಟ್ಟು ಆ ಹೆಸರು ಶಾಸನಗಳಲ್ಲಿ ಉಳಿಯಿತು. ವಾಲ್‌ಮಾರ್ಟಿನ ಮೊದಲ ಅಂಗಡಿ ತೆರೆದದ್ದು 1962ರಲ್ಲಿ.

ಟಾರ್ಗೆಟ್, ಟೆಸ್ಕೊ, ವಾಲ್‌ಮಾರ್ಟ್ ಕಂಪನಿಗಳು ಇಂದು ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳನ್ನು ತೆರೆದು ಜಗತ್ತಿನ ತಮ್ಮ ವ್ಯಾಪಾರಕ್ಕೆ ಇಲ್ಲಿಂದಲೇ ಕೆಲಸ ಮಾಡಿಸುತ್ತಿವೆ. ಸೇಡಂ, ವಾಡಿ, ಶಹಾಬಾದ್, ಚಿಂಚೋಳಿಯ ಮಕ್ಕಳು ಎಂಬಿಎ ಮುಗಿಸಿ ಅಂಥ ಕಡೆ ಕೆಲಸ ಹುಡುಕುತ್ತಾರೆ. ಅವರು ಮ್ಯಾನೇಜ್‌ಮೆಂಟ್ ಪಂಡಿತ ಡ್ರಕ್ಕರ್‌ನನ್ನು ಓದಲಿ, ಫಯೋಲ್‌ನನ್ನು ಓದಲಿ. ಆದರೆ ಕಲಬುರಗಿಯ ಮ್ಯಾನೇಜ್‌ಮೆಂಟ್ ವಿಭಾಗಗಳ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಒಂದು ಸೆಮಿಸ್ಟರಿನಲ್ಲಾದರೂ ಐನೂರ್ವರನ್ನು ಪಾಠಕ್ಕೆ ಇಡಿ, ಮಕ್ಕಳನ್ನು ಐಹೊಳೆಗೆ, ಡಂಬಳಕ್ಕೆ, ಪಕ್ಕದ ನಾಗಾವಿಗೆ ಕರೆದೊಯ್ಯಿರಿ. ಶಿಕಾರಿಪುರದ ಆ ಶಾಸನ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ 118ನೆಯದಾಗಿ ಅಚ್ಚಾಗಿದೆ. ತೆಗೆದು ಓದಿ.