ಡಬ್ಬಿಯಲ್ಲೋ, ಬೆರಳಲ್ಲೋ?

ಚಾಕು ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಕಣ್ಣಮುಂದೆ ಬರುವುದು ಎರಡೇ: ಅಡುಗೆಮನೆಯದು, ಇಲ್ಲವೇ ಸಿನಿಮಾ ರೌಡಿಯ ಕೈಯಲ್ಲಿರುವುದು. ಇವೆರಡಕ್ಕೂ ಸೇರದ ಮೂರನೆಯದೊಂದಿದೆ. ಅದರ ಅಲಗು ಎರಡು ಹಿಡಿಕೆಗಳ ನಡುವೆ ಅಡಗಿರುತ್ತದೆ. ಮಣಿಕಟ್ಟು ತಿರುಗಿಸಿದರೆ ಹಿಡಿಕೆಗಳು ರೆಕ್ಕೆಯಂತೆ ಬಿಚ್ಚಿಕೊಂಡು, ಸುತ್ತು ಹೊಡೆದು, ಹಿಂದುಗಡೆ ಮತ್ತೆ ಕೂಡಿಕೊಳ್ಳುತ್ತವೆ. ಇದು ಬಟರ್‌ಫ್ಲೈ ನೈಫ್. ಹುಟ್ಟೂರಿನ ಹೆಸರು ಬಾಲಿಸಾಂಗ್. ಏನನ್ನೂ ಕತ್ತರಿಸದೆ, ಬರೀ ಬೆರಳುಗಳ ನಡುವೆ ಕುಣಿಸುವುದಕ್ಕೆಂದೇ ಇದನ್ನು ಕೊಳ್ಳುವ ಜನ ಲೋಕದ ತುಂಬ ಇದ್ದಾರೆ. ಪುಣೆಯ ನಮ್ಮ ಆಫೀಸಿನಲ್ಲೇ ಮೂವರಿದ್ದೇವೆ. ಮೂವರ ಬಳಿ ಇರುವುದೂ ಟ್ರೇನರ್‌ಗಳೇ, ಅಂದರೆ ಮೊಂಡು ಅಲಗಿನವು. ಆದರೂ ನಮ್ಮ ನಡುವೆ ಮುಗಿಯದ ಜಗಳ ಒಂದಿದೆ: ಹೊಸದು ಬಂದಾಗ ಡಬ್ಬಿ ಒಡೆಯಬೇಕೋ, ಬೇಡವೋ?

ಹೊಸ ಬಾಲಿಸಾಂಗ್ ಬಿಡುಗಡೆಯಾಗುವ ರೀತಿ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಬೇಗ ಅರ್ಥವಾಗುತ್ತದೆ. ಒಳ್ಳೆಯವನ್ನು ಮಾಡುವ ಕಂಪನಿಗಳು ಹೆಚ್ಚಿನವು ಚಿಕ್ಕವು, ಅಮೆರಿಕದವು. ಸ್ಕ್ವಿಡ್ ಇಂಡಸ್ಟ್ರೀಸ್, ಬಿಆರ್‌ಎಸ್ ಇಂಥ ಹೆಸರುಗಳು. ಹಿಡಿಕೆಗಳನ್ನು ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರದಲ್ಲಿ ಕೆತ್ತಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಕಂತು ಕಂತಾಗಿ ಮಾಡಿ, ದಿನ ಹಾಗೂ ಗಂಟೆ ಮೊದಲೇ ಹೇಳಿ ಮಾರಾಟಕ್ಕೆ ಇಡುತ್ತಾರೆ. ಬೇಡಿಕೆಯ ಮಾಡೆಲ್ ಆದರೆ ನಿಮಿಷಗಳಲ್ಲಿ ಖಾಲಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಮಧ್ಯಾಹ್ನ ಹನ್ನೆರಡು ಎಂದರೆ ನಮಗೆ ರಾತ್ರಿ ಹನ್ನೆರಡೂವರೆ. ಪ್ರೊಡಕ್ಷನ್ ರಿಲೀಸ್‌ಗೆ ಎದ್ದು ಕೂತವರ ಹಾಗೆ ಎದ್ದು ಕೂತು, ಕಾರ್ಡ್ ನಂಬರ್ ಮೊದಲೇ ತುಂಬಿಸಿಟ್ಟು, ಪುಟ ರಿಫ್ರೆಶ್ ಮಾಡುತ್ತಾ ಇರುವುದು. ಸಿಕ್ಕಿತು ಎಂದು ಬರುವ ಮೇಲ್ ನೋಡಿದಾಗ ಆಗುವ ಖುಷಿ ಇದೆಯಲ್ಲ, ಅದು ತತ್ಕಾಲ್‌ನಲ್ಲಿ ದೀಪಾವಳಿಗೆ ಹುಬ್ಬಳ್ಳಿ ಟಿಕೆಟ್ ಕನ್ಫರ್ಮ್ ಆದಷ್ಟೇ ದೊಡ್ಡದು.

ನಮ್ಮ ಟೀಮಿನ ಹುಡುಗನೊಬ್ಬನಿಗೆ ಆ ಖುಷಿಯೇ ಸಾಕು. ಅವನ ಹತ್ತಿರ ಏಳಿವೆ. ಐದರ ಡಬ್ಬಿ ತೆರೆದು, ನೋಡಿ, ಮತ್ತೆ ಮುಚ್ಚಿದ್ದಾನೆ. ಎರಡಕ್ಕೆ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. "ಒಂದು ಸಲ ನೆಲಕ್ಕೆ ಬಿತ್ತು ಅಂದರೆ ಮುಗೀತು ಸಾರ್, ಅರ್ಧ ರೇಟು" ಎನ್ನುತ್ತಾನೆ. ಲೆಕ್ಕ ತಪ್ಪಲ್ಲ. ಶೋರೂಮಿನಿಂದ ಹೊರಗೆ ಬಂದ ಗಾಡಿಯ ಕಥೆಯೇ ಇದರದೂ. ಬಿಡುಗಡೆಯಾಗಿ ತೀರಿಹೋದ ಮಾಡೆಲ್ ಆದರೆ, ಮುಟ್ಟದೆ ಇಟ್ಟವನಿಗೆ ಕೊಂಡ ಬೆಲೆಗಿಂತ ಹೆಚ್ಚೂ ಸಿಗಬಹುದು.

ಆದರೆ ಈ ವಸ್ತು ಎಲ್ಲಿಂದ ಬಂತು ಎಂಬುದನ್ನು ನೋಡಿದರೆ, ಡಬ್ಬಿಯೊಳಗಿನ ಬಾಲಿಸಾಂಗ್ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಫಿಲಿಪ್ಪೀನ್ಸ್‌ನ ಬತಾಂಗಾಸ್ ಪ್ರಾಂತ್ಯದಲ್ಲಿ ತಾಆಲ್ ಎಂಬ ಪಟ್ಟಣ. ಅದಕ್ಕೆ ಸೇರಿದ ಒಂದು ಹಳ್ಳಿಯ ಹೆಸರೇ ಬಾಲಿಸಾಂಗ್. ಕುಲುಮೆಯಲ್ಲಿ ಕೆಲಸ ಮಾಡುವ ಅಲ್ಲಿನವರು ಹಳೆಯ ವಾಹನಗಳ ಪಟ್ಟಾ ಸ್ಪ್ರಿಂಗಿನಂಥ ಗುಜರಿ ಉಕ್ಕನ್ನು ಬಡಿದು ಅಲಗು ಮಾಡಿದರು. ಹಿಡಿಕೆಗೆ ಕೊಂಬು, ಮೂಳೆ, ಹಿತ್ತಾಳೆ. ಬಿಚ್ಚಿದಾಗ 29 ಸೆಂಟಿಮೀಟರ್ ಉದ್ದವಿರುವ ಚಾಕುವನ್ನು ಸ್ಪ್ಯಾನಿಷ್ ಎಣಿಕೆಯಲ್ಲಿ "ಇಪ್ಪತ್ತೊಂಬತ್ತು" ಎಂದೇ ಕರೆಯುವ ರೂಢಿಯೂ ಇದೆ. ಅಲ್ಲಿ ಅದು ಜೇಬಿನ ಸಾಮಾನು. ಒಂದು ಕೈಯಲ್ಲಿ ಇನ್ನೇನೋ ಹಿಡಿದಿದ್ದಾಗ ಇನ್ನೊಂದು ಕೈಯಲ್ಲೇ ಬಿಚ್ಚಬಹುದು ಎಂಬುದೇ ಅದರ ಉಪಯೋಗ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನಿಕರು ನೆನಪಿಗೆಂದು ಊರಿಗೆ ಒಯ್ದರು. 1980ರ ಸುಮಾರಿಗೆ ಲೆಸ್ ಡಿ ಅಸಿಸ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಬಾಲಿ-ಸಾಂಗ್ ಎಂಬ ಹೆಸರಿನಲ್ಲೇ ಕಂಪನಿ ತೆರೆದರು. ಅದು ಪೆಸಿಫಿಕ್ ಕಟ್ಲರಿ ಆಗಿ, ದಿವಾಳಿಯೆದ್ದು, 1988ರ ಹೊತ್ತಿಗೆ ಬೆಂಚ್‌ಮೇಡ್ ಆಯಿತು. ಇಂದು ಆ ಕಂಪನಿ ಎಂಥೆಂಥದೋ ಚಾಕು ಮಾಡುತ್ತದೆ, ಗುರುತು ಮಾತ್ರ ಈಗಲೂ ಚಿಟ್ಟೆ.

ಈಗ ಜಗಳಕ್ಕೆ ಬರೋಣ. ನನ್ನ ವಾದ ಇದು: ಹೊಸ ಬಾಲಿಸಾಂಗ್ ಒಳ್ಳೆಯದೋ ಅಲ್ಲವೋ ಎಂಬುದು ಅದನ್ನು ನೆಲಕ್ಕೆ ಬೀಳಿಸುವವರಿಂದಲೇ ಗೊತ್ತಾಗುವುದು. ಡಬ್ಬಿಯಲ್ಲಿ ಇಟ್ಟವನ ಚಾಕುವಿಗೆ ಬೆಲೆ ಇದೆ ಅಂದರೆ, ಆ ಬೆಲೆಯನ್ನು ದುಡಿದುಕೊಟ್ಟವರು ಬೇರೆ ಯಾರೋ, ಬೆರಳಿಗೆ ಪಟ್ಟಿ ಕಟ್ಟಿಕೊಂಡವರು.

ಇದು ಬರೀ ಮಾತಲ್ಲ, ಯಂತ್ರದ ವಿಷಯ. ಬಾಲಿಸಾಂಗ್‌ನಲ್ಲಿ ಎಲ್ಲ ಗುಟ್ಟೂ ಹಿಡಿಕೆಗಳು ಅಲಗಿಗೆ ಸೇರುವ ಎರಡು ಕೀಲುಗಳಲ್ಲಿದೆ. ಹಳೆಯ ಬಗೆಯಲ್ಲಿ ಕೀಲಿಗೆ ಬರೀ ವಾಷರ್ ಇರುತ್ತದೆ. ಸ್ಕ್ರೂ ಬಿಗಿ ಮಾಡಿದರೆ ಹಿಡಿಕೆ ತಿರುಗುವುದಿಲ್ಲ, ಸಡಿಲ ಬಿಟ್ಟರೆ ಅತ್ತಿತ್ತ ಅಲ್ಲಾಡುತ್ತದೆ. ಅದಕ್ಕೆ ಬುಶಿಂಗ್ ಎಂಬ ಚಿಕ್ಕ ಕೊಳವೆ ಬಂತು. ಕೀಲಿನ ತೂತಿನಲ್ಲಿ ಕೂರುವ ಇದು ಅಲಗಿನ ಬುಡ ಹಾಗೂ ವಾಷರ್‌ಗಳ ಒಟ್ಟು ದಪ್ಪಕ್ಕಿಂತ ಕೂದಲೆಳೆಯಷ್ಟು ಎತ್ತರ. ಹಾಗಾಗಿ ಸ್ಕ್ರೂ ಪೂರ್ತಿ ಬಿಗಿದರೂ ಒತ್ತಡ ಬುಶಿಂಗ್ ಮೇಲೆ ಬೀಳುತ್ತದೆ, ಹಿಡಿಕೆ ಸಲೀಸಾಗಿ ತಿರುಗುತ್ತದೆ. ಆ ಕೂದಲೆಳೆ ಹೆಚ್ಚಾದರೆ ಅಲ್ಲಾಟ, ಕಡಿಮೆಯಾದರೆ ಬಿಗಿತ. ಕೆಲವರು ನುಣುಪು ಮರಳುಕಾಗದದ ಮೇಲೆ ಬುಶಿಂಗನ್ನು ಎಂಟಂಕಿಯ ಆಕಾರದಲ್ಲಿ ಉಜ್ಜಿ ಉಜ್ಜಿ, ಮತ್ತೆ ಜೋಡಿಸಿ, ಮತ್ತೆ ಬಿಚ್ಚಿ ಸರಿಮಾಡುತ್ತಾರೆ. ನಾನು ಒಂದು ಭಾನುವಾರ ಪೂರ್ತಿ ಇದನ್ನೇ ಮಾಡಿದ್ದೇನೆ. ಮನೆಯವಳು ಎರಡು ಸಲ ಬಂದು ನೋಡಿ, ಏನೂ ಹೇಳದೆ ಹೋದಳು.

ಹೊಸದಾಗಿ ಕೈಗೆ ಬಂದಾಗ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ನಾಲ್ಕು ವಾರ ದಿನಕ್ಕೆ ಅರ್ಧ ಗಂಟೆ ತಿರುಗಿಸಿದ ಮೇಲೆ ನಿಜ ಬಣ್ಣ ಕಾಣುವುದು. ಸ್ಕ್ರೂ ತಾನಾಗಿ ಸಡಿಲವಾಗುತ್ತದೆಯೇ? ಅದಕ್ಕೆ ಹಾಕುವ ನೀಲಿ ಅಂಟು ನಿಲ್ಲುತ್ತದೆಯೇ? ಹಿಡಿಕೆಗಳು ಬಂದು ಬಡಿಯುವ ಪಿನ್ನು ಸವೆದು ಅಲಗು ಹಿಡಿಕೆಯ ಒಳಗೋಡೆಗೆ ತಾಗುತ್ತಿದೆಯೇ? ಅಲ್ಯೂಮಿನಿಯಂ ಹಿಡಿಕೆ ಸಿಮೆಂಟಿಗೆ ಬಿದ್ದ ಕಡೆ ಮುಳ್ಳಿನಂತೆ ಏಳುತ್ತದೆ, ಉಜ್ಜದಿದ್ದರೆ ಬೆರಳು ಹರಿಯುತ್ತದೆ. ಟೈಟಾನಿಯಂ ಗೀರು ಬಿದ್ದರೂ ತಡೆದುಕೊಳ್ಳುತ್ತದೆ. ಎರಡು ಪಟ್ಟಿಗಳನ್ನು ಸೇರಿಸಿ ಮಾಡಿದ ಹಿಡಿಕೆ ಒಂದೇ ದಿಮ್ಮಿಯಿಂದ ಕೊರೆದದ್ದರಷ್ಟು ಗಟ್ಟಿ ನಿಲ್ಲುವುದು ಕಷ್ಟ. ಇದೆಲ್ಲ ಗೊತ್ತಾಗಿರುವುದು ಬೀಳಿಸಿದವರಿಂದ. ಅವರು ದೂರು ಹೇಳಿದ ಮೇಲೆಯೇ ಕಂಪನಿಗಳು ಮುಂದಿನ ಆವೃತ್ತಿಯಲ್ಲಿ ಪಿನ್ನಿನ ಜಾಗ ಬದಲಿಸುತ್ತವೆ, ತೂಕ ಇಳಿಸುತ್ತವೆ. ಯೂಸರ್ ಇಲ್ಲದ ರಿಲೀಸ್‌ಗೆ ಬಗ್ ರಿಪೋರ್ಟ್ ಬರುವುದಿಲ್ಲ. ನಮ್ಮ ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಯುಧಪೂಜೆಯ ದಿನ ಈಳಿಗೆಮಣೆಗೆ ಕುಂಕುಮ ಹಚ್ಚಿ ಪಕ್ಕಕ್ಕೆ ಇಡುತ್ತೇವಲ್ಲ, ಅದಕ್ಕೆ ಆ ರಜೆ ಒಪ್ಪುವುದು ವರ್ಷವಿಡೀ ಕಾಯಿ ತುರಿದು, ತರಕಾರಿ ಹೆಚ್ಚಿದೆ ಎಂದು. ನಮ್ಮ ಹುಡುಗನ ಏಳು ಚಾಕುಗಳಿಗೆ ವರ್ಷವಿಡೀ ಆಯುಧಪೂಜೆ.

ಹಾಗೆಂದು ಅವನ ಕಡೆಯಲ್ಲಿ ಏನೂ ಇಲ್ಲ ಎನ್ನಲಾರೆ. ಚಿಕ್ಕ ಕಂಪನಿಯ ಮೊದಲ ಕಂತಿಗೆ ಕಣ್ಣುಮುಚ್ಚಿ ಹಣ ಹಾಕುವವರು ಸಂಗ್ರಹಿಸುವವರೇ. ಆ ಹಣವಿಲ್ಲದೆ ಎರಡನೇ ಕಂತೇ ಇಲ್ಲ. ಬತಾಂಗಾಸ್‌ನ ಕುಲುಮೆಯಲ್ಲಿ ಕೈಯಿಂದ ಮಾಡಿದ್ದು, ಅಥವಾ ತಯಾರಿಕೆ ನಿಂತುಹೋದ ಹಳೆಯ ಬೆಂಚ್‌ಮೇಡ್ ಸಿಕ್ಕರೆ ನಾನೂ ಅದನ್ನು ಸಿಮೆಂಟು ನೆಲದ ಮೇಲೆ ಕುಣಿಸುವವನಲ್ಲ. ಕಾರ್ಖಾನೆಯಿಂದ ಬಂದಾಗ ಹೇಗಿತ್ತು ಎಂದು ತೋರಿಸಲು ಒಂದಾದರೂ ಉಳಿಯಬೇಕು. ನನ್ನ ತಕರಾರು ನಿನ್ನೆ ಬಿಡುಗಡೆಯಾದ, ನಾಳೆ ಇನ್ನೊಂದು ಬಣ್ಣದಲ್ಲಿ ಬರಲಿರುವ ಮಾಲನ್ನು ಪುರಾತನ ವಿಗ್ರಹದಂತೆ ಕಾಪಾಡುವುದರ ಬಗ್ಗೆ.

ಜೋಪಾನ ಮಾಡುವುದೇ ಸುಖ ಅನ್ನುವವರಿಗೆ ಸರಿಯಾದ ಜಾಗ ಒಂದಿದೆ, ಅದು ಕಂಪ್ಯೂಟರಿನೊಳಗೆ. ಕೌಂಟರ್-ಸ್ಟ್ರೈಕ್ ಆಟಕ್ಕೆ 2014ರಲ್ಲಿ ಬಟರ್‌ಫ್ಲೈ ನೈಫ್ ಬಂತು. ಸುಮಾರು ಎರಡೂವರೆ ಡಾಲರಿನ ಕೀಲಿಕೈ ಕೊಂಡು ಪೆಟ್ಟಿಗೆ ತೆರೆಯಬೇಕು. ಪ್ರಕಟವಾಗಿರುವ ಲೆಕ್ಕದ ಪ್ರಕಾರ ಅಪರೂಪದ ವಸ್ತು ಸಿಗುವ ಸಾಧ್ಯತೆ ಶೇಕಡಾ 0.26, ಅಂದರೆ ಹೆಚ್ಚುಕಡಿಮೆ 385 ಪೆಟ್ಟಿಗೆಗೆ ಒಂದು. ಇಲ್ಲಿ ತಮಾಷೆ ಏನೆಂದರೆ, ಹೊಚ್ಚಹೊಸದು, ಸ್ವಲ್ಪ ಸವೆದದ್ದು, ತೀರಾ ಗೀರುಬಿದ್ದದ್ದು ಎಂಬ ದರ್ಜೆ ಚಾಕು ಹುಟ್ಟುವಾಗಲೇ ನಿಗದಿ. ಸಾವಿರ ಗಂಟೆ ಆಡಿದರೂ ಒಂದು ಗೀರು ಹೆಚ್ಚಾಗುವುದಿಲ್ಲ. ಇಡುವುದಕ್ಕೂ ಬಳಸುವುದಕ್ಕೂ ಜಗಳವೇ ಇಲ್ಲದ ಲೋಕ! ಆದರೆ 2025ರ ಅಕ್ಟೋಬರ್‌ನಲ್ಲಿ ಕಂಪನಿ ಒಂದು ಅಪ್‌ಡೇಟ್ ಬಿಟ್ಟು, ಕೆಳದರ್ಜೆಯ ಐದು ವಸ್ತು ಕೊಟ್ಟು ಚಾಕು ಪಡೆಯಬಹುದು ಎಂದಿತು. ರಾತ್ರೋರಾತ್ರಿ ಚಾಕುಗಳ ಬೆಲೆ ನೆಲಕಚ್ಚಿತು. ಗೀರು ಬೀಳದೆಯೂ ಬೆಲೆ ಬೀಳುತ್ತದೆ ಎಂದಾಯಿತು.

ಉಕ್ಕಿನ ಚಾಕುವಿಗೂ ಇಂಥ ಅಪ್‌ಡೇಟ್ ಬರಬಹುದು, ಸರ್ಕಾರದಿಂದ. ಬ್ರಿಟನ್ 1988ರಲ್ಲೇ ಇದರ ಮಾರಾಟ, ಆಮದು ನಿಲ್ಲಿಸಿತ್ತು. ಮನೆಯಲ್ಲಿ ಇಟ್ಟುಕೊಂಡವರು ಇಟ್ಟುಕೊಂಡಿದ್ದರು. 2021ರ ಜುಲೈಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಅದಕ್ಕೆ ಮೊದಲು ಪೊಲೀಸ್ ಠಾಣೆಗೆ ಒಪ್ಪಿಸಿದವರಿಗೆ ಪರಿಹಾರ ಕೊಟ್ಟರು. ನೂರು ವರ್ಷಕ್ಕಿಂತ ಹಳೆಯದಕ್ಕೆ ವಿನಾಯಿತಿ. ಮೂವತ್ತು ವರ್ಷ ಎಣ್ಣೆ ಸವರಿ ಇಟ್ಟ ಚಾಕು ಒಂದು ದಿನವೂ ತಿರುಗದೆ ಠಾಣೆಯ ಡಬ್ಬಕ್ಕೆ ಬಿದ್ದದ್ದನ್ನು ಊಹಿಸಿಕೊಳ್ಳಿ. ಜರ್ಮನಿಯಲ್ಲಿ 2003ರಿಂದ ನಿಷೇಧ, ಕೆನಡಾದಲ್ಲೂ ನಿಷಿದ್ಧ. ಕಾನೂನಿನವರ ಅಂಜಿಕೆ ಸುಳ್ಳಲ್ಲ, ಹರಿತವಾದ ಬಾಲಿಸಾಂಗ್ ಬೀದಿಜಗಳದಲ್ಲಿ ಬಳಕೆಯಾಗಿದೆ. ನಾವು ಮೂವರೂ ಮೊಂಡು ಅಲಗಿಗೆ ನಿಂತಿರುವುದು ಆ ಕಾರಣಕ್ಕೂ ಹೌದು. ಅದನ್ನೂ ಜೇಬಿನಲ್ಲಿಟ್ಟು ಲೋಕಲ್ ಹತ್ತುವುದಾಗಲಿ, ವಿಮಾನದ ಕೈಚೀಲದಲ್ಲಿ ಹಾಕುವುದಾಗಲಿ ಬೇಡ. ದೂರದಿಂದ ನೋಡುವ ಪೊಲೀಸರಿಗೆ ಮೊಂಡು, ಹರಿತ ಎರಡೂ ಒಂದೇ.

ನಿಮ್ಮ ಮಗನೋ ಮಗಳೋ ಇದನ್ನು ಕೇಳುತ್ತಿದ್ದರೆ ಪ್ಲಾಸ್ಟಿಕ್ ಹಿಡಿಕೆಯ ಅಗ್ಗದ ಟ್ರೇನರ್ ಸಾಕು, ಲಿಮಿಟೆಡ್ ಎಡಿಷನ್ ಬೇಡ. ಬೀಳಿಸಲು ಹೆದರಿಕೆಯಾಗುವ ಬೆಲೆಯದ್ದು ಕೊಂಡರೆ ಕಲಿಯುವುದಿಲ್ಲ. ಎರಡು ಹಿಡಿಕೆಗಳಲ್ಲಿ ಒಂದು ಮುಚ್ಚುವಾಗ ಅಲಗಿನ ಬೆನ್ನಿನ ಕಡೆ ಬರುತ್ತದೆ, ಇನ್ನೊಂದು ಬಾಯಿಯ ಕಡೆ. ಬಾಯಿಯ ಕಡೆಯದಕ್ಕೆ ಬಣ್ಣದ ಟೇಪು ಸುತ್ತಿ, ಅದನ್ನು ಹಿಡಿಯದಿರುವುದನ್ನು ಮೊದಲು ಅಭ್ಯಾಸ ಮಾಡಿಸಿ. ಮೊಂಡು ಅಲಗಿನಲ್ಲೂ ಗೆಣ್ಣಿಗೆ ಬಿದ್ದರೆ ಚೆನ್ನಾಗಿಯೇ ನೋಯುತ್ತದೆ. ಮೊದಲ ಮೂರು ವಾರ ಬೇಸರ, ಒಂದೇ ತಿರುವು ನೂರು ಸಲ. ಆಮೇಲೆ ಒಂದು ದಿನ ನೋಡದೆಯೇ ತಿರುಗುತ್ತದೆ, ಆ ದಿನ ಕೈಗೆ ಆಗುವ ಸಂತೋಷವನ್ನು ಯಾವ ಕೊರಿಯರ್ ಹುಡುಗನೂ ತಂದುಕೊಡಲಾರ. ಅಭ್ಯಾಸ ಹಾಸಿಗೆಯ ಮೇಲೆ ಕೂತೇ ಆಗಲಿ. ಫ್ಲ್ಯಾಟಿನಲ್ಲಿದ್ದರೆ ರಾತ್ರಿ ಹತ್ತರ ಮೇಲೆ ಬೇಡ. ಟೈಲ್ಸ್ ಮೇಲೆ ಬಿದ್ದ ಸದ್ದಿಗೆ ಕೆಳಗಿನ ಮನೆಯವರು ಬೆಲ್ ಒತ್ತಿದಾಗ, ಅದು ಚಾಕು ಅಲ್ಲ ಎಂದು ಮರಾಠಿಯಲ್ಲಿ ವಿವರಿಸುವುದು ಬುಶಿಂಗ್ ಉಜ್ಜುವುದಕ್ಕಿಂತ ಕಷ್ಟ.