ಮೂಳೆ ಹೇಳುವುದು, ಕಲ್ಲು ಹೇಳುವುದು

ಹೋದ ರಜೆಯಲ್ಲಿ ಹುಣಸಗಿ ಕಡೆ ಇರುವ ನಮ್ಮ ಮಾಮು ಅವರ ಊರಿಗೆ ಹೋಗಿದ್ದೆ. ಭತ್ತ ಹಚ್ಚಲು ಹೊಲ ಸಮ ಮಾಡಿಸುತ್ತಿದ್ದರು. ಜೆಸಿಬಿ ಎತ್ತಿ ಹಾಕಿದ ಮಣ್ಣಿನಲ್ಲಿ ಅಂಗೈಗಿಂತ ದೊಡ್ಡದಾದ, ಒಂದು ತುದಿ ಚೂಪಾದ ಕಲ್ಲು ಕಂಡಿತು. ಎರಡೂ ಮಗ್ಗುಲಲ್ಲಿ ಚಕ್ಕೆ ಎಬ್ಬಿಸಿದ ಗುರುತು. "ಇಂಥವು ಇಲ್ಲಿ ಭಾಳ ಅದಾವ, ಬೇಕಂದ್ರ ಒಯ್ಯಿ ಬೇಟಾ" ಎಂದರು ಮಾಮು. ಹಿರೋಳ್ಳಿಗೆ ತಂದೆ, ಅಲ್ಲಿಂದ ಕಾಲೇಜಿಗೆ ತಂದೆ. ಇತಿಹಾಸದ ಸರ್ ನೋಡಿ, "ಕೈಗೊಡಲಿ ಇದ್ದಂಗದ. ಎಷ್ಟು ಆಳದಾಗಿತ್ತು? ಜೋಡಿ ಏನಿತ್ತು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ಯಾಕೆ ಮುಖ್ಯ ಎಂದು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಆದಿಮಾನವ ಯಾರು ಎಂಬುದನ್ನು ಮೊದಲು ಹೇಳುವುದು ಮೂಳೆ. ಬೆನ್ನುಹುರಿ ತಲೆಬುರುಡೆಯೊಳಗೆ ಹೋಗುವ ರಂಧ್ರ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಹಿಂಬದಿಗೆ ಇರುತ್ತದೆ. ನೆಟ್ಟಗೆ ನಡೆಯುವವರಲ್ಲಿ ಅದು ಬುರುಡೆಯ ಅಡಿಗೆ ಬರುತ್ತದೆ. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್‌ನಲ್ಲಿ ಸಿಕ್ಕ ಮಗುವಿನ ಬುರುಡೆಯನ್ನು ರೇಮಂಡ್ ಡಾರ್ಟ್ ಗುರುತಿಸಿದ್ದು ಈ ರಂಧ್ರ ಮತ್ತು ಸಣ್ಣ ಕೋರೆಹಲ್ಲುಗಳಿಂದ. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ 'ಲೂಸಿ' ಸುಮಾರು 32 ಲಕ್ಷ ವರ್ಷ ಹಳೆಯದು. ಗಿಡ್ಡವಾಗಿ ಅಗಲವಾದ ಸೊಂಟದ ಮೂಳೆ, ಮೊಣಕಾಲಿನ ಕಡೆಗೆ ಒಳಬಾಗಿದ ತೊಡೆಮೂಳೆ ಅವಳು ಎರಡು ಕಾಲಿನ ಮೇಲೆ ನಡೆದಳೆಂದು ತೋರಿಸುತ್ತವೆ. ಆದರೆ ಅವಳ ಜಾತಿಯವರ ಮಿದುಳು ನಮ್ಮದರ ಮೂರನೇ ಒಂದು ಭಾಗದಷ್ಟು. ಅಂದರೆ ನಡಿಗೆ ಮೊದಲು, ದೊಡ್ಡ ಮಿದುಳು ಆಮೇಲೆ.

ಅವರ ನಂತರ ಬಂದವರಲ್ಲಿ ಹೋಮೋ ಎರೆಕ್ಟಸ್ ಮುಖ್ಯ. ಕುತ್ತಿಗೆಯಿಂದ ಕೆಳಗೆ ಬಹುಪಾಲು ನಮ್ಮಂತೆಯೇ ಇದ್ದರು. ಬುರುಡೆ ಮಾತ್ರ ಬೇರೆ: ದಪ್ಪ ಮೂಳೆ, ಹುಬ್ಬಿನ ಮೇಲೆ ಉಬ್ಬಿದ ದಂಡೆ, ಹಿಂದಕ್ಕೆ ವಾಲಿದ ಹಣೆ. ಮುಂದಕ್ಕೆ ಚಾಚಿದ ಗದ್ದ ಇವರಿಗಿರಲಿಲ್ಲ. ಅದು ನಮ್ಮ ಗುರುತು.

ಭಾರತದಲ್ಲಿ ಇಂಥ ಪ್ರಾಚೀನ ಬುರುಡೆ ಸಿಕ್ಕಿದ್ದು ನರ್ಮದಾ ದಂಡೆಯ ಹಥ್ನೋರಾದಲ್ಲಿ. 1982ರ ಡಿಸೆಂಬರ್‌ನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಕಿಯಾ ಅದನ್ನು ಕಂಡರು. ಮೊದಲು ಅದನ್ನು ಎರೆಕ್ಟಸ್ ಎಂದರು. ಮಿದುಳಿನ ಜಾಗ ದೊಡ್ಡದಿರುವುದರಿಂದ ನಂತರದ ಮಾನವ ಎಂದು ಬೇರೆಯವರು ವಾದಿಸಿದರು. ಒಂದೇ ಬುರುಡೆಯ ಮೇಲೆ ಇಂದಿಗೂ ಚರ್ಚೆ ಇದೆ.

ನಮ್ಮ ಕಡೆ ಅಂಥ ಬುರುಡೆ ಸಿಕ್ಕಿಲ್ಲ. ಮೂಳೆ ಬೇಗ ಮಣ್ಣಾಗುತ್ತದೆ, ಕಲ್ಲು ಉಳಿಯುತ್ತದೆ. ಆ ಕಲ್ಲಿನ ದೊಡ್ಡ ಭಂಡಾರ ಇರುವುದೇ ಹುಣಸಗಿ-ಬೈಚಬಾಳ ಕಣಿವೆಯಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ದಶಕಗಳ ಕಾಲ ತಿರುಗಿ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಪ್ರಸಿದ್ಧ. ಅದು ಆದಿಮಾನವರ ಕಲ್ಲಿನ ಕಾರ್ಖಾನೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಫರ್ಸಿಯಂತೆ ಅಲ್ಲಿಯೂ ಸುಣ್ಣಕಲ್ಲಿನ ಹಾಸುಗಳಿವೆ. ಅವುಗಳನ್ನು ಎಬ್ಬಿಸಿ, ಗಟ್ಟಿ ಗುಂಡುಕಲ್ಲಿನಿಂದ ಬಡಿದು, ಕೈಗೊಡಲಿ ಮಾಡುತ್ತಿದ್ದರು. ಅರ್ಧ ಮಾಡಿ ಬಿಟ್ಟದ್ದು, ಹಾರಿದ ಚಕ್ಕೆ, ಬಡಿದ ಗುಂಡುಕಲ್ಲು ಎಲ್ಲವೂ ಕುಳಿತ ಜಾಗದಲ್ಲೇ ಸಿಕ್ಕಿವೆ. ಅದರಿಂದಲೇ ಯಾವ ಕೆಲಸದ ನಂತರ ಯಾವ ಕೆಲಸ ಎಂದು ಓದಲು ಸಾಧ್ಯವಾಯಿತು. ಅಲ್ಲೇ ಸಿಕ್ಕ ಪ್ರಾಣಿಯ ಹಲ್ಲಿನ ಎನಾಮಲ್ ಪರೀಕ್ಷಿಸಿ ಕಾಲವನ್ನು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಿದರು.

ಸರ್ ಕೇಳಿದ ಪ್ರಶ್ನೆ ಆಗ ಅರ್ಥವಾಯಿತು. ಇಸಾಂಪುರದ ಕಲ್ಲಿಗೆ ವಯಸ್ಸು ಬಂದದ್ದು ಜೊತೆಯಲ್ಲಿ ಮಲಗಿದ್ದ ಹಲ್ಲಿನಿಂದ. ನಾನು ತಂದ ಕಲ್ಲಿಗೆ ಜೊತೆ ಇಲ್ಲ. ಅದರ ಪಕ್ಕದಲ್ಲೂ ಒಂದು ಹಲ್ಲು, ಒಂದು ಮೂಳೆಯ ಚೂರು ಇದ್ದಿರಬಹುದು. ನಾನು ನೋಡಲೇ ಇಲ್ಲ.

ಆದ್ದರಿಂದ ಗೆಳೆಯರೇ, ನೀರಾವರಿಯ ಹೊಲಗಳಲ್ಲಿ ಇಂಥದ್ದು ಕಂಡರೆ ಎತ್ತಬೇಡಿ. ಇದ್ದಲ್ಲೇ ಫೋಟೊ ತೆಗೆಯಿರಿ, ಪಕ್ಕದಲ್ಲಿ ಪೆನ್ನು ಇಟ್ಟರೆ ಅಳತೆ ತಿಳಿಯುತ್ತದೆ. ಜಾಗ ಬರೆದುಕೊಂಡು ಉಪನ್ಯಾಸಕರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಮಾಮು ಅವರ ಹೊಲ ಇನ್ನೂ ಅರ್ಧ ಸಮ ಮಾಡುವುದಿದೆ. ಅವರಿಗೂ ಫೋನಿನಲ್ಲಿ ಇದನ್ನೇ ಹೇಳಿದ್ದೇನೆ. "ಆಯ್ತು, ಜೆಸಿಬಿಯವನಿಗೆ ಹೇಳ್ತೀನಿ" ಅಂದಿದ್ದಾರೆ.