ನಿಮ್ಮ ಮನೆ ಭೂಮಿಯ ಮೇಲೆ ಎಲ್ಲಿದೆ, ಬಲ್ಲಿರಾ?

"ನಿಮ್ಮ ಮನೆ ಎಲ್ಲಿ?" ಎಂದು ಯಾರಾದರೂ ಕೇಳಿದರೆ ನೀವೇನು ಹೇಳುತ್ತೀರಿ? "ಕಾಲುವಿ ದಾಟಿ ಎಡಕ್ಕ ಬರ್ರಿ, ಬೇವಿನ ಗಿಡ ಕಾಣಸ್ತೈತಿ, ಅದರ ಹಿಂದಿನ ಮನಿ." ಹಗಲು ಹೊತ್ತಿನಲ್ಲಿ, ಊರು ಬಲ್ಲವರಿಗೆ ಇಷ್ಟು ಸಾಕು. ಆದರೆ ಸಿಂಧನೂರಿನ ಸುತ್ತ ಎಷ್ಟು ಕಾಲುವೆ, ಎಷ್ಟು ಬೇವಿನ ಗಿಡ! ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗದ್ದೆಗಳ ನಡುವೆ ಎದ್ದ ಕ್ಯಾಂಪುಗಳೇ ಹತ್ತಾರು. ಆರ್.ಎಚ್. ಕ್ಯಾಂಪುಗಳಿಗಂತೂ ಒಂದು, ಎರಡು ಎಂದು ಅಂಕಿಯೇ ಗುರುತು. ನಡುರಾತ್ರಿ ಮಗಳಿಗೆ ಹೆರಿಗೆನೋವು ಶುರುವಾಗಿ 108ಕ್ಕೆ ಫೋನು ಮಾಡಿದಿರಿ ಎನ್ನಿ. ಈ ಕಡೆಗೆ ಹೊಸಬನಾದ ಡ್ರೈವರಿಗೆ ಕತ್ತಲಲ್ಲಿ ಯಾವ ಬೇವಿನ ಗಿಡ ಕಂಡೀತು?

ಇಂಥ ಹೊತ್ತಿಗೆ ಒದಗುವವು ಎರಡೇ ಎರಡು ಅಂಕಿಗಳು: ಅಕ್ಷಾಂಶ ಮತ್ತು ರೇಖಾಂಶ. "ಅಯ್ಯೋ, ಅದು ಹುಡುಗರ ಭೂಗೋಳದ ಪಾಠ, ನಮಗ್ಯಾಕ್ರೀ?" ಎಂದು ಪುಟ ತಿರುಗಿಸಬೇಡಿ. ದಿನಾ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಬಿಡಿಸುವ ನಿಮಗೆ ಇದು ಅರ್ಧ ಗೊತ್ತಿದ್ದದ್ದೇ. "ಮೂರನೇ ಸಾಲಿನ ಐದನೇ ಚುಕ್ಕಿ" ಎಂದರೆ ಇಡೀ ರಂಗೋಲಿಯಲ್ಲಿ ಒಂದೇ ಚುಕ್ಕಿ, ಅಲ್ಲವೇ? ಭೂಮಿಯ ಲೆಕ್ಕವೂ ಹಾಗೆಯೇ.

ನಿಂಬೆಯ ಬಿಲ್ಲೆ, ಕಿತ್ತಳೆಯ ತೊಳೆ

ನಿಂಬೆಹಣ್ಣನ್ನು ಅಡ್ಡಡ್ಡಲಾಗಿ ಬಿಲ್ಲೆ ಬಿಲ್ಲೆ ಹೆಚ್ಚಿ ನೋಡಿ. ನಡುವಿನ ಬಿಲ್ಲೆ ದೊಡ್ಡದು, ತುದಿಯವು ಚಿಕ್ಕವು. ಅಕ್ಷಾಂಶದ ಗೆರೆಗಳು ಹೀಗೆ. ನಡುವಿನದು ಸಮಭಾಜಕ ವೃತ್ತ, ಅದಕ್ಕೆ 0 ಡಿಗ್ರಿ. ಅಲ್ಲಿಂದ ಎರಡೂ ಧ್ರುವಗಳ ತನಕ 90 ಡಿಗ್ರಿ.

ಈಗ ಕಿತ್ತಳೆ ಸುಲಿಯಿರಿ. ತೊಳೆಗಳ ನಡುವಿನ ಗೆರೆಗಳು ಮೇಲೆ, ಕೆಳಗೆ ಒಂದೇ ಕಡೆ ಕೂಡುತ್ತವೆ. ಇವು ರೇಖಾಂಶ. ಇವುಗಳಲ್ಲಿ ಯಾವುದನ್ನು ಮೊದಲನೆಯದು ಅನ್ನಬೇಕು? ನಮ್ಮ ಹಿಂದಿನ ಜ್ಯೋತಿಷಿಗಳು ಉಜ್ಜಯಿನಿಯ ಮೇಲೆ ಹಾಯುವ ಗೆರೆಯಿಂದ ಎಣಿಸುತ್ತಿದ್ದರು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಭೆ, ಲಂಡನ್ನಿನ ಗ್ರೀನಿಚ್ಚಿನ ಗೆರೆಯೇ 0 ಎಂದು ಗೊತ್ತುಮಾಡಿತು.

ಒಂದು ಡಿಗ್ರಿಗೆ 60 ಕಲೆ. ಶಾಲೆಯ ಪುಸ್ತಕ ಇದನ್ನೇ ನಿಮಿಷ ಎನ್ನುತ್ತದೆ. ಗಡಿಯಾರದ ನಿಮಿಷದೊಂದಿಗೆ ಬೆರೆಯದಿರಲೆಂದು ನಾವು ಇಲ್ಲಿ ಕಲೆ ಎಂದೇ ಕರೆಯೋಣ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ., ಒಂದು ಕಲೆ ಎಂದರೆ ಸುಮಾರು 1.85 ಕಿ.ಮೀ.

ಬಸ್ಸಿನಲ್ಲೇ ಲೆಕ್ಕ

ಸಿಂಧನೂರು ಸುಮಾರು 15 ಡಿಗ್ರಿ 46 ಕಲೆ ಉತ್ತರ, 76 ಡಿಗ್ರಿ 45 ಕಲೆ ಪೂರ್ವ. ಮಸ್ಕಿ 15 ಡಿಗ್ರಿ 57 ಕಲೆ ಉತ್ತರ, 76 ಡಿಗ್ರಿ 39 ಕಲೆ ಪೂರ್ವ. ಲಿಂಗಸುಗೂರು 16 ಡಿಗ್ರಿ 10 ಕಲೆ ಉತ್ತರ, 76 ಡಿಗ್ರಿ 31 ಕಲೆ ಪೂರ್ವ. ಮೊದಲ ಅಂಕಿ ಏರುತ್ತಿದೆ, ಎರಡನೆಯದು ಇಳಿಯುತ್ತಿದೆ. ಅಂದರೆ ಸಿಂಧನೂರಿನಿಂದ ಲಿಂಗಸುಗೂರಿನ ಬಸ್ಸು ಹತ್ತಿದವರು ಉತ್ತರಕ್ಕೂ ತುಸು ಪಶ್ಚಿಮಕ್ಕೂ ಹೋಗುತ್ತಾರೆ. ನಡುವೆ ಸಿಗುವುದು ಮಸ್ಕಿ, 1915ರಲ್ಲಿ ಅಶೋಕನ ಹೆಸರೇ ಇರುವ ಬಂಡೆಶಾಸನ ದೊರೆತ ಊರು. ಸಿಂಧನೂರಿಗೂ ಮಸ್ಕಿಗೂ ಅಕ್ಷಾಂಶದಲ್ಲಿ 11 ಕಲೆ ವ್ಯತ್ಯಾಸ, ಅಂದರೆ ಮಸ್ಕಿ ಸುಮಾರು 20 ಕಿ.ಮೀ. ಉತ್ತರಕ್ಕಿದೆ. ನಕ್ಷೆ ಬೇಡ, ಬಾಯಿಲೆಕ್ಕ ಸಾಕು!

ಸೂರ್ಯ, ಗಡಿಯಾರ, ಧ್ರುವ

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ನಮ್ಮೆಲ್ಲರ ಗಡಿಯಾರ ನಡೆಯುವುದು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82 ಡಿಗ್ರಿ 30 ಕಲೆಯ ಗೆರೆಯಂತೆ. ಸಿಂಧನೂರು ಅದಕ್ಕಿಂತ 5 ಡಿಗ್ರಿ 45 ಕಲೆ ಹಿಂದೆ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ. ಉಡುಪಿಯಲ್ಲಿ ಇನ್ನೂ 8 ನಿಮಿಷ ತಡ. ಬೇರೆ ಊರಿಗೆಂದು ಗಣಿಸಿದ ಪಂಚಾಂಗದ ಸೂರ್ಯೋದಯ ನಿಮ್ಮ ಊರಿಗೆ ತಾಳೆಯಾಗದಿರುವುದು ಈಗ ಸೋಜಿಗವೆನಿಸದು.

ಮೇ 3-4ರಂದೂ ಆಗಸ್ಟ್ 9ರ ಸುಮಾರಿಗೂ ಸಿಂಧನೂರಿನಲ್ಲಿ ನಡುಹಗಲು ಸೂರ್ಯ ನೇರ ನೆತ್ತಿಯ ಮೇಲೆ. ಒರಳಿನ ಮೇಲೆ ಒನಕೆ ನೆಟ್ಟಗೆ ನಿಲ್ಲಿಸಿ ಹುಡುಗರಿಗೆ ತೋರಿಸಿ, ನೆರಳೇ ಇರದು.

ಮದುವೆಯಲ್ಲಿ ವಧೂವರರಿಗೆ ತೋರಿಸುವ ಧ್ರುವನಕ್ಷತ್ರವೂ ಅಕ್ಷಾಂಶ ಹೇಳುತ್ತದೆ. ನಿಮ್ಮ ಊರಿನ ಅಕ್ಷಾಂಶ ಎಷ್ಟೋ, ಉತ್ತರದ ಅಂಚಿನಿಂದ ಅದು ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರ. ತೋಳು ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಸಿಂಧನೂರಿನವರಿಗೆ ಒಂದೂವರೆ ಮುಷ್ಟಿಯ ಮೇಲೆ ಧ್ರುವ.

ಇವತ್ತೇ ಮಾಡಿ

ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ನಕ್ಷೆ ತೆರೆದು ನಿಮ್ಮ ಮನೆಯಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ದಶಮಾಂಶದ ಎರಡು ಅಂಕಿ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಚುಕ್ಕೆಯ ನಂತರ ನಾಲ್ಕು ಅಂಕಿ ಬರೆದುಕೊಂಡರೆ ಹನ್ನೊಂದು ಮೀಟರಿನಷ್ಟು ಕರಾರುವಾಕ್ಕು, ಅಂದರೆ ಅಂಗಳದ ತನಕ. ಎರಡೇ ಅಂಕಿ ಬರೆದರೆ ಒಂದು ಕಿ.ಮೀ. ಆಚೀಚೆ.

ಒಂದು ಎಚ್ಚರಿಕೆ. 15 ಡಿಗ್ರಿ 46 ಕಲೆ ಬೇರೆ, 15.46 ಬೇರೆ. ಕಲೆಯನ್ನು 60ರಿಂದ ಭಾಗಿಸಿದರೆ 15.77 ಆಗುತ್ತದೆ. ಅದು ಸಿಂಧನೂರು. 15.46 ಎಂದಿರೋ, ಗಾಡಿ 34 ಕಿ.ಮೀ. ದಕ್ಷಿಣಕ್ಕೆ ಹೋದೀತು! ಅಂಕಿಗಳನ್ನು ಹಿಂದುಮುಂದು ಮಾಡಿ ಹೇಳುವುದೂ ಬೇಡ.

ಬರೆದದ್ದನ್ನು ಅಡುಗೆಮನೆಯ ಗೋಡೆಗೆ, ಗ್ಯಾಸಿನವರ ನಂಬರಿನ ಪಕ್ಕ ಅಂಟಿಸಿ. ಹೊಲದ ಮನೆಯದನ್ನೂ ಬರೆದಿಡಿ. ಅತ್ತೆಗೆ, ಮಕ್ಕಳಿಗೆ ಓದುವುದನ್ನು ಕಲಿಸಿ. ಗುರುತು ಪರಿಚಯ ಇಲ್ಲದವರಿಗೆ ಮಾತ್ರ ಈ ಅಂಕಿ ಕೊಡಬೇಡಿ, ಅದು ಮನೆಯ ಬೀಗದ ಕೈ ಇದ್ದಂತೆ. ಸಹಾಯಕ್ಕೆ ಕರೆದಾಗ ಊರು, ಕ್ಯಾಂಪು, ಬೇವಿನ ಗಿಡ ಎಲ್ಲಾ ಹೇಳಿ, ಜೊತೆಗೆ ಈ ಎರಡು ಅಂಕಿಗಳನ್ನೂ ನಿಧಾನವಾಗಿ ಓದಿ. ಬರುವವರಿಗೆ ದಾರಿ ಸಿಗಲಿ.